ಆಕಾಶದ ಚಿತ್ರಗಳ ಬಣ್ಣ ಯಾರದು?

ಗೆಲಿಲಿಯೋನಿಂದ ಹಿಡಿದು ಚಂದ್ರಯಾನದವರೆಗಿನ ಕಥೆ ನಿಮಗೆ ಗೊತ್ತಿರುವಂಥದ್ದೇ, ಅದನ್ನು ಮತ್ತೆ ಹೇಳಲು ಹೋಗುವುದಿಲ್ಲ. ನಾನು ವಿಜ್ಞಾನಿಯೂ ಅಲ್ಲ, ಆಕಾಶದ ಚಿತ್ರಗಳ ಹುಚ್ಚು ಹತ್ತಿಸಿಕೊಂಡ ಹವ್ಯಾಸಿ. ಆ ಚಿತ್ರಗಳ ಬಗ್ಗೆ ಎದ್ದಿರುವ ಒಂದೇ ಒಂದು ತಕರಾರನ್ನು ಇಂದು ಕೈಗೆತ್ತಿಕೊಳ್ಳುತ್ತೇನೆ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಹೊರಬಿದ್ದ ಮೇಲೆ ಈ ತಕರಾರು ಇನ್ನಷ್ಟು ಜೋರಾಗಿದೆ: ‘ಈ ಬಣ್ಣ ಎಲ್ಲಾ ಸುಳ್ಳು, ಕಂಪ್ಯೂಟರಿನಾಗ ಹಚ್ಚಿದ್ದು.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಬಣ್ಣ ಹಚ್ಚಿದ್ದು ಹೌದು. ಸುಳ್ಳು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಚ್ಚಿದ್ದಕ್ಕೂ ಸುಳ್ಳಿಗೂ ನಡುವೆ ಇರುವ ಅಂತರವೇ ಇವತ್ತಿನ ನನ್ನ ವಿಷಯ.

1995ರಲ್ಲಿ ಹಬಲ್ ದೂರದರ್ಶಕ ತೆಗೆದ ‘ಸೃಷ್ಟಿಯ ಸ್ತಂಭಗಳು’ ಚಿತ್ರವನ್ನು ನೆನಪಿಗೆ ತಂದುಕೊಳ್ಳಿ. ಹದ್ದು ನೀಹಾರಿಕೆಯೊಳಗೆ ಎದ್ದು ನಿಂತ ಧೂಳು ಮತ್ತು ಅನಿಲದ ಮೂರು ಕಂಬಗಳು. ಕ್ಯಾಲೆಂಡರು, ಪಠ್ಯಪುಸ್ತಕಗಳಲ್ಲೆಲ್ಲ ನೋಡಿದ್ದೀರಿ. ಹಬಲ್‌ನ ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ, ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಗೊತ್ತು. ಅದರ ಮುಂದೆ ಒಂದೇ ಬಗೆಯ ಬೆಳಕನ್ನು ಬಿಡುವ ಸೋಸುಗಾಜುಗಳನ್ನು ಒಂದಾದ ಮೇಲೊಂದು ಇಟ್ಟು ಗಂಧಕದ ಬೆಳಕು, ಹೈಡ್ರೋಜನ್ ಬೆಳಕು, ಆಮ್ಲಜನಕದ ಬೆಳಕು ಎಂದು ಬೇರೆ ಬೇರೆ ಕಪ್ಪು-ಬಿಳುಪು ಚಿತ್ರ ತೆಗೆದರು. ಆಮೇಲೆ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟು ಮೂರನ್ನೂ ಒಂದರ ಮೇಲೊಂದು ಕೂಡಿಸಿದರು. ಹೈಡ್ರೋಜನ್ನಿನ ಆ ಬೆಳಕು ನಿಜವಾಗಿ ಕೆಂಪು, 656 ನ್ಯಾನೋಮೀಟರ್ ತರಂಗದ್ದು. ಗಂಧಕದ್ದೂ ಕೆಂಪೇ, 673ರ ಆಸುಪಾಸು. ಇದ್ದದ್ದನ್ನು ಇದ್ದಂತೆ ತೋರಿಸಿದ್ದರೆ ಎರಡು ಕೆಂಪುಗಳು ಬೆರೆತು ಯಾವುದು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಬೇರ್ಪಡಿಸಿ ತೋರಿಸಲೆಂದೇ ಹೈಡ್ರೋಜನ್ ಹಸಿರಾಯಿತು. ಅದೇ ಚಿತ್ರದ ಬಲಮೇಲಿನ ಮೂಲೆಯನ್ನೂ ನೋಡಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದಂತೆ ಕಪ್ಪಿದೆ. ಆ ಉಪಕರಣದಲ್ಲಿ ನಾಲ್ಕು ಕ್ಯಾಮೆರಾಗಳಿದ್ದವು. ಒಂದು ಉಳಿದವಕ್ಕಿಂತ ಸೂಕ್ಷ್ಮವಾಗಿ, ಕಿರಿದಾದ ಜಾಗವನ್ನು ನೋಡುತ್ತಿತ್ತು. ಅದರ ಪಾಲನ್ನು ಉಳಿದವುಗಳ ಅಳತೆಗೆ ಕುಗ್ಗಿಸಿ ಕೂಡಿಸಿದಾಗ ಆ ಮೂಲೆ ಖಾಲಿ ಉಳಿಯಿತು. ನಾಲ್ಕು ನಕ್ಷತ್ರ ಬರೆದು ಅದನ್ನು ಮುಚ್ಚುವುದು ಕಷ್ಟವೇನಿರಲಿಲ್ಲ, ಆದರೂ ಮುಚ್ಚಲಿಲ್ಲ. ಬಣ್ಣಕ್ಕಿಂತ ಆ ಖಾಲಿ ಮೂಲೆಯ ಮೇಲೆಯೇ ನನಗೆ ಹೆಚ್ಚು ಪ್ರೀತಿ. ನೋಡದೇ ಇದ್ದದ್ದನ್ನು ನೋಡಿದೆವೆಂದು ಅವರು ಹೇಳಲಿಲ್ಲ.

ಈ ನಡತೆ ನಮ್ಮ ಧಾರವಾಡ ಜಿಲ್ಲೆಗೆ ಹೊಸತಲ್ಲ. ಅಮೃತೇಶ್ವರ ಗುಡಿಯ ಊರಾದ ಅಣ್ಣಿಗೇರಿಯವರಿಗೆ ಶಾಸನ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಶಾಸನತಜ್ಞ ಫ್ಲೀಟ್ ಸಾಹೇಬರಿಂದ ಹಿಡಿದು, ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಆರ್.ಎಸ್. ಪಂಚಮುಖಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಒಂದು ತಲೆಮಾರಿಗೇ ಶಾಸನ ಓದಲು ಕಲಿಸಿದ ಎಂ.ಎಂ. ಕಲಬುರ್ಗಿಯವರವರೆಗೆ ಆ ಗುರುಪರಂಪರೆ ಒಂದು ಶಿಸ್ತನ್ನು ಕಾಯ್ದುಕೊಂಡು ಬಂತು. ಕಲ್ಲಿನಲ್ಲಿ ಸವೆದುಹೋದ ಅಕ್ಷರವನ್ನು ಊಹಿಸಿ ತುಂಬಬಹುದು, ಆದರೆ ಅದನ್ನು ಕಂಸದೊಳಗೆ ಇಡಬೇಕು. ಕಲ್ಲು ಹೇಳಿದ್ದೆಷ್ಟು, ಓದಿದವನು ಸೇರಿಸಿದ್ದೆಷ್ಟು ಎಂಬುದು ಓದುಗನಿಗೆ ಕಾಣಬೇಕು. ಕಂಸ ಹಾಕಿದ ಪಾಠವನ್ನು ಯಾರೂ ಸುಳ್ಳು ಶಾಸನ ಎನ್ನುವುದಿಲ್ಲ. ಕಂಸ ಕಿತ್ತು ಅಚ್ಚು ಹಾಕಿದರೆ ಮಾತ್ರ ಅದು ಮೋಸ. ಆಕಾಶದ ಚಿತ್ರಕ್ಕೂ ನಾನು ಹಾಕುವ ಅಳತೆ ಇದೇ. ಯಾವ ಬೆಳಕಿಗೆ ಯಾವ ಬಣ್ಣ ಎಂದು ಅಡಿಯಲ್ಲಿ ಬರೆದಿದ್ದರೆ ಅದು ಪ್ರಾಮಾಣಿಕ ಚಿತ್ರ, ಬರೆಯದಿದ್ದರೆ ಬರೀ ಅಲಂಕಾರ.

‘ಕಣ್ಣಿಗೆ ಕಂಡದ್ದೇ ಸತ್ಯ, ಉಳಿದದ್ದೇಕೆ?’ ಎಂದು ಕೆಲವರು ಕೇಳುತ್ತಾರೆ. ಕಣ್ಣಿನ ಮೇಲೆ ಅಷ್ಟು ಭಾರ ಹೇರಬಾರದು. ನವಲಗುಂದದ ಎರಿ ಹೊಲಗಳ ಕಡೆ ಡಿಸೆಂಬರಿನ ಚಂದ್ರನಿಲ್ಲದ ರಾತ್ರಿ ನಿಂತು ನೋಡಿದರೆ ಆರಿದ್ರಾ ನಕ್ಷತ್ರ ಕೆಂಪಗೆ ಕಾಣುತ್ತದೆ. ಅದು ಕಣ್ಣು ಹಿಡಿಯುವ ನಿಜವಾದ ಬಣ್ಣ. ಅದರ ಕೆಳಗೆ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯಿಂದ ಇಳಿಬಿದ್ದ ಕತ್ತಿಯಲ್ಲಿ ಮಸುಕಾದ ಒಂದು ಚುಕ್ಕೆಯಿದೆ. ಪುಸ್ತಕಗಳಲ್ಲಿ ಗುಲಾಬಿಯಾಗಿ ಅರಳಿರುವ ಓರಿಯಾನ್ ನೀಹಾರಿಕೆ ಅದೇ. ದುರ್ಬೀನು ಹಿಡಿದರೂ ಬೂದಿಬಣ್ಣದ ಹೊಗೆಯಷ್ಟೇ ಕಾಣುತ್ತದೆ, ಏಕೆಂದರೆ ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಕಣ್ಣಿನಲ್ಲಿ ಕೆಲಸ ಮಾಡುವುದಿಲ್ಲ. ನೌಕೆ ಹತ್ತಿ ಹತ್ತಿರ ಹೋದರೂ ಪ್ರಯೋಜನವಿಲ್ಲ. ನೀಹಾರಿಕೆ ದೊಡ್ಡದಾಗಿ ಹರಡುತ್ತದೆಯೇ ಹೊರತು ಅದರ ಒಂದೊಂದು ಭಾಗ ಈಗಿರುವುದಕ್ಕಿಂತ ಹೊಳಪಾಗುವುದಿಲ್ಲ. ಆ ಗುಲಾಬಿ ಅಲ್ಲಿ ಇದ್ದೇ ಇದೆ, ನಮ್ಮ ಕಣ್ಣಿಗೆ ಎಟುಕುವುದಿಲ್ಲ ಅಷ್ಟೆ. ಕಣ್ಣಿನ ರೂಢಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 1976ರ ಜುಲೈ 20ರಂದು ವೈಕಿಂಗ್-1 ಮಂಗಳನ ಮೇಲೆ ಇಳಿಯಿತು. ಅದರ ಮೊದಲ ಬಣ್ಣದ ಚಿತ್ರ ಅವಸರದಲ್ಲಿ ಹೊರಬಂದಾಗ ಆಕಾಶ ನಮ್ಮೂರಿನ ಆಕಾಶದಂತೆ ನೀಲಿಯಾಗಿತ್ತು. ನೌಕೆಯ ಮೇಲಿದ್ದ ಬಣ್ಣದ ಮಾದರಿಪಟ್ಟಿಗೆ ಹೋಲಿಸಿ ಸರಿಪಡಿಸಿದ ಮೇಲೆ ಅದು ಧೂಳಿನ ಗುಲಾಬಿ ಎಂದು ತಿಳಿಯಿತು. ತಪ್ಪು ಹಿಡಿದದ್ದು ಕಣ್ಣಲ್ಲ, ಆ ಪಟ್ಟಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ತರಂಗ, ಸೋಸುಗಾಜು ಎಂದೆಲ್ಲ ಚಿತ್ರದ ಕೆಳಗೆ ಬರೆದರೆ ಹಳ್ಳಿಯ ಓದುಗನಿಗೆ ಏನು ತಿಳಿಯುತ್ತದೆ? ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬಣ್ಣದ ಸಂಕೇತ ಓದುವುದು ನಮ್ಮ ರೈತರಿಗೆ ನಿತ್ಯದ ಕೆಲಸ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದೆ. ಯಾವುದು ಎಷ್ಟು ವಿಷ ಎಂದು ಅವರು ಬಲ್ಲರು. ಅಷ್ಟೇ ಅಲ್ಲ, ವೆಬ್ ಮಾಡುವ ಕೆಲಸವನ್ನೇ ನಮ್ಮ ಹೊಲಗಳ ಮೇಲೆ ನಮ್ಮದೇ ಉಪಗ್ರಹಗಳು ದಶಕಗಳಿಂದ ಮಾಡುತ್ತಿವೆ. 1988ರ ಮಾರ್ಚ್‌ನಲ್ಲಿ ಹಾರಿದ ಐಆರ್‌ಎಸ್-1ಎ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಿಡಿಯುತ್ತಿತ್ತು. ಆರೋಗ್ಯವಾದ ಎಲೆ ಆ ಬೆಳಕನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಅದಕ್ಕೆ ಕೆಂಪು ಬಣ್ಣ ಕೊಡುವುದು ದೂರಸಂವೇದಿ ನಕ್ಷೆಗಳ ರೂಢಿ. ಹಾಗಾಗಿ ಚೆನ್ನಾಗಿ ಬೆಳೆದ ಕಡಲೆ ಹೊಲ ಅಂಥ ಚಿತ್ರದಲ್ಲಿ ಕೆಂಪು, ಒಣಗಿದ್ದು ಮಂಕು. ಹಸಿರು ಪೈರನ್ನು ಕೆಂಪಾಗಿ ತೋರಿಸಿದ್ದಕ್ಕೆ ಆ ನಕ್ಷೆ ಸುಳ್ಳಾಗುವುದಿಲ್ಲ, ಬದಲಿಗೆ ಬರಗಾಲದಲ್ಲಿ ಕೆಲಸಕ್ಕೆ ಬರುತ್ತದೆ. ವೆಬ್ ಹಿಡಿಯುವ ಬೆಳಕಿನ ಬಹುಪಾಲು ಇದೇ ಅವಕೆಂಪು. ಅದರಲ್ಲಿ ಚಿಕ್ಕ ತರಂಗಕ್ಕೆ ನೀಲಿ, ದೊಡ್ಡದಕ್ಕೆ ಕೆಂಪು ಕೊಡುತ್ತಾರೆ. ಕಾಮನಬಿಲ್ಲಿನ ಕ್ರಮ ಅಲ್ಲಿಯೂ ತಪ್ಪಿಲ್ಲ.

ಹಾಗಾದರೆ ಲೋಪ ಎಲ್ಲಿದೆ? ಹಂಚುವವರಲ್ಲಿ ಎನ್ನುತ್ತೇನೆ. 2023ರ ಸೆಪ್ಟೆಂಬರ್ 5ರಂದು ಇಸ್ರೊ ಚಂದ್ರನ ಮೇಲಿಳಿದ ವಿಕ್ರಮ್ ಲ್ಯಾಂಡರಿನ ಒಂದು ಚಿತ್ರ ಬಿಡುಗಡೆ ಮಾಡಿತು. ಪ್ರಜ್ಞಾನ್ ರೋವರಿನ ಎರಡು ಕ್ಯಾಮೆರಾಗಳ ಚಿತ್ರಗಳನ್ನು ಬೆಸೆದು, ಕೆಂಪು-ನೀಲಿ ಕನ್ನಡಕ ಹಾಕಿ ನೋಡಿದರೆ ಆಳ ಕಾಣುವಂತೆ ಮಾಡಿದ್ದು. ಎಡಗಡೆಯ ಚಿತ್ರ ಕೆಂಪಿನಲ್ಲಿ, ಬಲಗಡೆಯದು ನೀಲಿ-ಹಸಿರಿನಲ್ಲಿ ಎಂದು ಇಸ್ರೊ ಸ್ಪಷ್ಟವಾಗಿ ಹೇಳಿತ್ತು. ಇಂಥ ಚಿತ್ರ ಫೋನಿನಿಂದ ಫೋನಿಗೆ ಹಾರುವಾಗ ಆ ಸಾಲು ಉದುರಿಹೋಗುತ್ತದೆ, ಚಂದ್ರನ ನೆಲಕ್ಕೇ ಕೆಂಪು-ನೀಲಿ ಅಂಚುಗಳಿವೆ ಎಂದು ಮಕ್ಕಳು ತಿಳಿಯುತ್ತಾರೆ. ನಾಳೆ ಯಾರೋ ‘ಎಲ್ಲಾ ಮೋಸ’ ಎಂದಾಗ ಆ ಮಕ್ಕಳ ಬಳಿ ಉತ್ತರವಿರುವುದಿಲ್ಲ. ಅನುಮಾನ ಹುಟ್ಟುವುದು ಹೀಗೆ, ಕಂಸ ಕಳೆದುಹೋದ ಕಡೆ.

ಇಷ್ಟು ವಾದಿಸಿದ ಮೇಲೂ ಒಂದು ಚಿತ್ರ ನನ್ನನ್ನು ಕಾಡುತ್ತದೆ. 2019ರ ಏಪ್ರಿಲ್ 10ರಂದು ಪ್ರಕಟವಾದ, ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ. ಅದು 1.3 ಮಿಲಿಮೀಟರ್ ರೇಡಿಯೋ ಅಲೆಗಳಿಂದ ಕಟ್ಟಿದ್ದು. ಅಲ್ಲಿ ಬೇರ್ಪಡಿಸಲು ಎರಡು ಅನಿಲಗಳಿಲ್ಲ, ಕಾಯಲು ಕಾಮನಬಿಲ್ಲಿನ ಕ್ರಮವೂ ಇಲ್ಲ. ಎಲ್ಲಿ ಅಲೆ ಪ್ರಬಲ, ಎಲ್ಲಿ ದುರ್ಬಲ ಎಂಬುದಷ್ಟೇ ಇದೆ. ಅದಕ್ಕೆ ಕಿತ್ತಳೆಯೇ ಏಕೆ? ಬೂದಿಬಣ್ಣದಲ್ಲೂ ಅದೇ ಮಾಹಿತಿ ಸಿಗುತ್ತಿತ್ತು. ಕಿತ್ತಳೆ ನೋಡಿದವರಿಗೆ ಬೆಂಕಿಯ ಬಳೆ ಕಂಡಿತು, ಜಗತ್ತೆಲ್ಲ ನಿಂತು ನೋಡಿತು. ಬೂದಿಬಣ್ಣದಲ್ಲಿ ಬಂದಿದ್ದರೆ ನಾವು ನಿಂತು ನೋಡುತ್ತಿದ್ದೆವೆ? ಜನರನ್ನು ಕರೆಯಲೆಂದು ಹಚ್ಚಿದ ಬಣ್ಣವನ್ನು ತಿಳಿಸಿಕೊಡಲೆಂದು ಹಚ್ಚಿದ ಬಣ್ಣದ ಸಾಲಿನಲ್ಲಿ ಕೂಡಿಸಬಹುದೆ? ಅಡಿಟಿಪ್ಪಣಿ ಒಂದಿದ್ದರೆ ಎಲ್ಲ ಬಣ್ಣವೂ ಮಾಫಿಯೆ? ಈ ಪ್ರಶ್ನೆಗಳಲ್ಲಿ ನಾನು ಇನ್ನೂ ಯಾವ ದಡವನ್ನೂ ಸೇರಿಲ್ಲ, ನಿಮ್ಮ ಅಭಿಪ್ರಾಯ ಕೇಳುವ ಆಸೆಯಿದೆ. ಅದಕ್ಕೂ ಮುಂಚೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಯ ಶಾಲೆಗಳ ಗೋಡೆಗೆ ಆಕಾಶದ ಚಿತ್ರ ಅಂಟಿಸುವ ಗುರುಗಳೇ, ಯಾವ ಬಣ್ಣ ಯಾವ ಬೆಳಕಿನದು ಎಂದು ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಅಂಟಿಸಿರಿ.