ಹೊಟ್ಟಿನ ಜೊತೆ ಅಕ್ಕಿಯೂ ಹೋಗದಿರಲಿ
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಹಳೆಯ ಗ್ರಾಮಾಫೋನ್ ರೆಕಾರ್ಡುಗಳನ್ನು ಮನೆಯಲ್ಲೇ ಡಿಜಿಟಲ್ ಮಾಡುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)



ರೆಕಾರ್ಡು, ಸೂಜಿ, ವಯರು ಎಂದ ಕೂಡಲೇ ಇದು ಗಂಡಸರ ಹವ್ಯಾಸ, ಮಹಿಳಾ ವಿಭಾಗದಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ನಮ್ಮ ಬೊರಿವಲಿಯಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದಲ್ಲ ಒಂದು ಹಳೆಯ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗಿರುತ್ತದೆ. ಮನೆ ಖಾಲಿ ಮಾಡಲು ಹೇಳುತ್ತಾರೆ, ಎರಡು ಮೂರು ವರ್ಷ ಬಾಡಿಗೆ ಮನೆ. ಆಗ ಮಾಳಾ ಹತ್ತಿ ಯಾವುದು ಬೇಕು, ಯಾವುದು ಬೇಡ ಎಂದು ವಿಂಗಡಿಸುವವರು ಯಾರು? ನಾವೇ. ಹಿತ್ತಾಳೆ ಪಾತ್ರೆ ಉಳಿಯುತ್ತದೆ, ಆಲ್ಬಂ ಉಳಿಯುತ್ತದೆ. ಮಾವನವರು ಊರಿನಿಂದ ತಂದ ರೆಕಾರ್ಡಿನ ಪೆಟ್ಟಿಗೆ ಭಂಗಾರ್‌ವಾಲನ ತಕ್ಕಡಿಗೆ ಹೋಗುತ್ತದೆ. ಪ್ಲೇಯರ್ ಕೆಟ್ಟು ಯಾವ ಕಾಲವಾಯಿತೋ, ಇದನ್ನು ಇಟ್ಟುಕೊಂಡು ಏನು ಮಾಡುವುದು ಎನ್ನುತ್ತೇವೆ. ಆ ಪೆಟ್ಟಿಗೆಯನ್ನು ಕೊಡುವ ಮೊದಲು ಒಂದು ಸಲ ಯೋಚಿಸಿ ಎನ್ನುವುದಕ್ಕೇ ಈ ಮಾತು.

ಆ ಪೆಟ್ಟಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳ ಚರಿತ್ರೆಯೂ ಇದೆ. ಗಂಗೂಬಾಯಿ ಹಾನಗಲ್ ಅವರ ಮೊದಲ ರೆಕಾರ್ಡುಗಳು 1930ರ ದಶಕದ ಮೊದಲ ವರ್ಷಗಳವು. ಎಚ್‌ಎಂವಿ ಕಂಪೆನಿಯವರು ಕರೆಸಿಕೊಂಡಿದ್ದು ಇದೇ ಮುಂಬಯಿಗೆ, ರೆಕಾರ್ಡಿನ ಮೇಲೆ ಹಾಕಿದ ಹೆಸರು ‘ಗಾಂಧಾರಿ’. ನಮಗೆಲ್ಲ ಗೊತ್ತಿರುವ ಅವರ ಗಂಭೀರವಾದ, ದಪ್ಪ ಧ್ವನಿ ಅಲ್ಲಿಲ್ಲ. ಆಗಿನದು ತೆಳುವಾದ, ಎತ್ತರದ ಕಂಠ. ಆ ಕಂಠ ಇವತ್ತು ಉಳಿದಿರುವುದು ರೆಕಾರ್ಡುಗಳಲ್ಲಿ ಮಾತ್ರ. ಬೀಳಗಿಯಿಂದ ಮುಂಬಯಿಗೆ ಬಂದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಉಡುಪಿ ಕಡೆಯ ಆರೂರಿನವರಾದ ಪಿ. ಕಾಳಿಂಗರಾಯರ ಭಾವಗೀತೆಗಳು ಮನೆಮನೆಗೆ ತಲುಪಿದ್ದೂ ಇಂಥ ತಟ್ಟೆಗಳಿಂದಲೇ. ದೊಡ್ಡ ಹೆಸರಿನವರ ಹಾಡು ಎಲ್ಲಾದರೂ ಸಿಕ್ಕೀತು. ನಾಟಕದ ಹಾಡು, ಹರಿಕಥೆ, ಒಂದೆರಡು ರೆಕಾರ್ಡು ಮಾಡಿ ಸುಮ್ಮನಾದ ಗಾಯಕಿಯರದು ನಿಮ್ಮ ಮಾಳಾದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದಿರಬಹುದು.

ಹಾಗಾದರೆ ಅದನ್ನು ಚೊಕ್ಕವಾಗಿ ಕಂಪ್ಯೂಟರ್‌ಗೆ ಇಳಿಸುವುದು ಹೇಗೆ? ನಾನು ಎಂ.ಟೆಕ್.ನಲ್ಲಿ ಸಿಗ್ನಲ್ ಪ್ರಾಸೆಸಿಂಗ್ ಓದಿದವಳು, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವಳು. ಆದರೂ ಹೇಳುತ್ತೇನೆ: ಮುಕ್ಕಾಲು ಪಾಲು ಕೆಲಸ ಸಾಫ್ಟ್‌ವೇರ್ ತೆರೆಯುವ ಮೊದಲೇ ಮುಗಿಯಬೇಕು. ಕೊಳೆ ತಟ್ಟೆಯಲ್ಲಿದ್ದರೆ ತಟ್ಟೆಯನ್ನು ತೊಳೆಯಬೇಕು, ಧ್ವನಿಯನ್ನಲ್ಲ.

ಮೊದಲು ಕೈಯಲ್ಲಿರುವುದು ಯಾವುದು ಎಂದು ಗುರುತಿಸಿ. 12 ಇಂಚಿನ, ಸ್ವಲ್ಪ ಬಾಗುವ ತಟ್ಟೆ ಎಲ್‌ಪಿ, ನಿಮಿಷಕ್ಕೆ 33 ಚಿಲ್ಲರೆ ಸುತ್ತು. 7 ಇಂಚಿನವು ಹೆಚ್ಚಾಗಿ 45 ಸುತ್ತಿನವು. ಇವೆರಡೂ ಸಾಮಾನ್ಯವಾಗಿ ವಿನೈಲ್, ಅಂದರೆ ಪ್ಲಾಸ್ಟಿಕ್. ಮೂರನೆಯದು 10 ಇಂಚಿನ, ಭಾರವಾದ, ಕೈಜಾರಿದರೆ ಹಂಚಿನ ಹಾಗೆ ಒಡೆಯುವ 78 ಸುತ್ತಿನ ತಟ್ಟೆ. ಒಂದು ಬದಿಗೆ ಮೂರು, ಮೂರೂವರೆ ನಿಮಿಷದ ಹಾಡು. ಅದನ್ನು ಮಾಡಿರುವುದು ಅರಗಿನಿಂದ. ಈ ವ್ಯತ್ಯಾಸ ಬಹಳ ಮುಖ್ಯ, ಏಕೆಂದರೆ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಎಲ್‌ಪಿ ತೊಳೆಯುವ ನೀರಿಗೆ ಕೆಲವರು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸುತ್ತಾರೆ. ಅದೇ ನೀರನ್ನು 78ರ ತಟ್ಟೆಗೆ ಹಾಕಿದರೆ ಕೊಳೆಯ ಜೊತೆ ಹಾಡೂ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಬಟ್ಟೆಯನ್ನು ಕೂಡ ಅದರ ಹತ್ತಿರ ತರಬೇಡಿ.

ತೊಳೆಯುವುದು ಸುಲಭ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಎರಡು ಮೂರು ಹನಿ. ನಲ್ಲಿ ನೀರು ಬೇಡ. ಒಣಗಿದಾಗ ಅದರ ಉಪ್ಪು ಗೆರೆಯೊಳಗೆ ಉಳಿದು ಚಟಚಟ ಎನ್ನುತ್ತದೆ. ಮೈಕ್ರೋಫೈಬರ್ ಬಟ್ಟೆ ಒದ್ದೆ ಮಾಡಿ, ಗೆರೆ ಹೋದ ದಿಕ್ಕಿನಲ್ಲೇ ಸುತ್ತಾಗಿ ಒರೆಸಿ. ಅಡ್ಡ ಉಜ್ಜಬಾರದು, ನಡುವಿನ ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ಒರೆಸಿ, ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. 78ರ ತಟ್ಟೆಯನ್ನು ನೆನೆಸಿಡಬೇಡಿ, ಬೇಗ ಒರೆಸಿ ಬೇಗ ಒಣಗಿಸಿ. ಮುಂಬಯಿ ಮಳೆಗಾಲದಲ್ಲಿ ಕಾಗದದ ಕವರಿಗೆ ಬೂಸ್ಟು ಹಿಡಿಯುತ್ತದೆ, ಅದೇ ಬೂಸ್ಟು ತಟ್ಟೆಗೂ ದಾಟುತ್ತದೆ. ಆದ್ದರಿಂದ ಒಳಗಿನ ಕವರ್ ಬದಲಿಸಿ, ಚಿತ್ರವಿರುವ ಹೊರಗಿನ ಜಾಕೆಟ್ ಮಾತ್ರ ಎಸೆಯಬೇಡಿ. ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳು ಒಳ್ಳೆಯವು.

ಎರಡನೆಯದು ಸೂಜಿ. ಎಲ್‌ಪಿಯ ಗೆರೆ ಸಣ್ಣದು, 78ರ ಗೆರೆ ಅಗಲ. 78ಕ್ಕೆ ಇಂಚಿನ ಸಾವಿರದ ಮೂರು ಭಾಗದಷ್ಟು ತುದಿಯ ಸೂಜಿ ಬೇಕು. ಎಲ್‌ಪಿ ಸೂಜಿ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಎಲ್‌ಪಿ ಸೂಜಿಯನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದಲ್ಲಿ, ಧೂಳಿನಲ್ಲಿ ಎಳೆದಾಡುತ್ತದೆ. ಕೇಳಿಸುವುದು ಹಾಡಿಗಿಂತ ಹೆಚ್ಚು ಬುರುಬುರು ಸದ್ದು. ಸೂಜಿ ಬದಲಿಸಿದರೆ ಅರ್ಧ ಗಲಾಟೆ ತಾನಾಗಿ ಕಡಿಮೆಯಾಗುತ್ತದೆ. ಪ್ಲೇಯರ್ ಕೊಳ್ಳುವಾಗ 78 ಸುತ್ತು ಇದೆಯೇ, ಸೂಜಿ ಬದಲಿಸಬಹುದೇ ಎಂದು ಕೇಳಿಕೊಳ್ಳಿ. ಸೂಜಿಯ ಭಾರವನ್ನು ಅದರ ಕಾರ್ಟ್ರಿಜ್‌ನವರು ಹೇಳಿದಷ್ಟೇ ಇಡಿ. ಹಿಂದೆ ಹಾಡು ಜಿಗಿದರೆ ತೋಳಿನ ಮೇಲೆ ನಾಲ್ಕಾಣೆ ನಾಣ್ಯ ಇಡುತ್ತಿದ್ದರಲ್ಲ, ಆ ಅಭ್ಯಾಸ ಈಗ ಬೇಡ. ಪ್ರತಿ ಸಲವೂ ಅದು ಗೆರೆಯನ್ನು ಕೆತ್ತುತ್ತದೆ.

ಮೂರನೆಯದು ಜಾಗ. ಸೂಜಿಗೆ ಹಾಡು ಯಾವುದು, ನೆಲದ ನಡುಕ ಯಾವುದು ಎನ್ನುವ ಭೇದ ಗೊತ್ತಿಲ್ಲ. ಹತ್ತಿರದಲ್ಲಿ ಲೋಕಲ್ ಓಡಿದರೆ, ಪಕ್ಕದ ಕಟ್ಟಡದಲ್ಲಿ ಡ್ರಿಲ್ಲಿಂಗ್ ನಡೆದರೆ, ಮಕ್ಕಳು ಕುಣಿದರೆ ಅದೂ ರೆಕಾರ್ಡ್ ಆಗುತ್ತದೆ. ಅಡುಗೆಮನೆಗೆ ಹಾಕಿಸಿ ಉಳಿದ ಕಡಪ ಕಲ್ಲಿನ ತುಂಡಿದ್ದರೆ ಅದರ ಕೆಳಗೆ ಹಳೆಯ ಯೋಗ ಮ್ಯಾಟ್ ಮಡಚಿ ಹಾಕಿ, ಮೇಲೆ ಪ್ಲೇಯರ್ ಇಡಿ. ಮಟ್ಟ ಸರಿಯಾಗಿದೆಯೇ ನೋಡಿ. ರಾತ್ರಿ ಹನ್ನೊಂದರ ಮೇಲೆ ಕೆಲಸ ಮಾಡಿ, ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್‌ನಲ್ಲೇ ಕೇಳಿ. ಸ್ಪೀಕರಿನ ಸದ್ದೂ ಸೂಜಿಯನ್ನು ಅಲುಗಿಸುತ್ತದೆ.

ನಾಲ್ಕನೆಯದು ವಯರಿನ ವಿಚಾರ. ಸೂಜಿಯಿಂದ ಬರುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್, ಏನೇನೂ ಅಲ್ಲ. ಅದೂ ಅಲ್ಲದೆ ರೆಕಾರ್ಡ್ ಕತ್ತರಿಸುವಾಗ ತಗ್ಗಿನ ಸ್ವರಗಳನ್ನು ಇಳಿಸಿ, ಎತ್ತರದವನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುಗಿಸಿ ಸರಿಮಾಡುವ ಡಬ್ಬಿಯೇ ಫೋನೋ ಪ್ರೀಆಂಪ್. ಪ್ಲೇಯರನ್ನು ನೇರವಾಗಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಹಾಡು ಜೀರುಂಡೆಯ ಹಾಗೆ ಕೇಳುವುದು ಇದಕ್ಕೇ. ಪ್ಲೇಯರಿನೊಳಗೇ ಪ್ರೀಆಂಪ್ ಇದ್ದು ಹೊರಗೆ ಇನ್ನೊಂದು ಹಾಕಿದರೆ ಬರೀ ಗುಮ್ಮೆನ್ನುತ್ತದೆ. ಒಂದೇ ಇರಲಿ. ಅಲ್ಲಿಂದ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಆಮೇಲೆ ಲ್ಯಾಪ್‌ಟಾಪ್. ಈ ಸರಿಮಾಡುವ ಅಳತೆ ಎಲ್ಲ ಕಂಪೆನಿಗಳಿಗೂ ಒಂದೇ ಆದದ್ದು 1954ರ ಈಚೆಗೆ. ಅದಕ್ಕೂ ಹಿಂದಿನ 78ಗಳಿಗೆ ಬಾಸು, ಟ್ರೆಬಲ್ ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು.

ಹಿನ್ನೆಲೆಯಲ್ಲಿ ಸತತವಾಗಿ ‘ಹುಂ’ ಎನ್ನುವ ಸದ್ದಿದ್ದರೆ ಅದು ರೆಕಾರ್ಡಿನದಲ್ಲ, ಮನೆಯ ಕರೆಂಟಿನ 50 ಹರ್ಟ್ಸ್. ಪ್ಲೇಯರಿನ ಅರ್ತ್ ವಯರ್ ಪ್ರೀಆಂಪಿಗೆ ಬಿಗಿಯಾಗಿದೆಯೇ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಮೊಬೈಲನ್ನು ದೂರ ಇಡಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ರೆಕಾರ್ಡ್ ಮಾಡುವಾಗ 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಡಿ. ಕೆಂಪು ಮುಟ್ಟಿದರೆ ಆ ಸ್ವರ ಒಡೆಯಿತು, ಅದನ್ನು ಯಾವ ಸಾಫ್ಟ್‌ವೇರೂ ಕೂಡಿಸಲಾರದು. ಲೆಕ್ಕ ಬೇಕಾದರೆ, ನಿಮಿಷಕ್ಕೆ ಸುಮಾರು 17 ಎಂಬಿ. 40 ನಿಮಿಷದ ಎಲ್‌ಪಿಗೆ ಸುಮಾರು 700 ಎಂಬಿ. ಒಂದು ಪೆನ್‌ಡ್ರೈವಿನಲ್ಲಿ ಅಜ್ಜನ ಪೆಟ್ಟಿಗೆ ಕೂರುತ್ತದೆ. ಹಾಡು ಶುರುವಾಗುವ ಮೊದಲಿನ ಖಾಲಿ ಸುತ್ತುಗಳನ್ನೂ ಬಿಡದೆ ತೆಗೆದುಕೊಳ್ಳಿ, ಮುಂದೆ ಉಪಯೋಗವಿದೆ.

ಈಗ ಸಾಫ್ಟ್‌ವೇರ್. ಆಡಾಸಿಟಿ ಎನ್ನುವುದು ಉಚಿತ, ಅದರಲ್ಲೇ ಎಲ್ಲ ಆಗುತ್ತದೆ. 78ರ ತಟ್ಟೆಯಾದರೆ ಮೊದಲು ಎಡ ಬಲ ಎರಡನ್ನೂ ಸೇರಿಸಿ ಮೋನೋ ಮಾಡಿ. ಹಾಡು ಎರಡು ಕಡೆಯೂ ಒಂದೇ, ಸದ್ದು ಮಾತ್ರ ಬೇರೆ ಬೇರೆ. ಸೇರಿಸಿದಾಗ ಹಾಡು ಗಟ್ಟಿಯಾಗಿ ನಿಲ್ಲುತ್ತದೆ, ಸದ್ದು ಸ್ವಲ್ಪ ಅಡಗುತ್ತದೆ. ಆಮೇಲೆ ಗೀರಿನ ಪಟಪಟ ತೆಗೆಯುವುದು, ಕೊನೆಗೆ ಸರಸರ ಎನ್ನುವ ಹಿನ್ನೆಲೆ ಸದ್ದನ್ನು ಇಳಿಸುವುದು. ಈ ಕ್ರಮದಲ್ಲೇ ಮಾಡಿ.

ಇಲ್ಲಿಯೇ ನಾನು ಮುಖ್ಯವಾಗಿ ಹೇಳಬೇಕಾದದ್ದಿರುವುದು. ಸರಸರ ತೆಗೆಯುವಾಗ ಆ ಖಾಲಿ ಸುತ್ತನ್ನು ತೋರಿಸಿ, ಇಂಥದ್ದನ್ನು ತೆಗೆ ಎಂದು ಕಂಪ್ಯೂಟರಿಗೆ ಹೇಳುತ್ತೇವೆ. ಅದಕ್ಕೆ ಸಂಗೀತ ಗೊತ್ತಿಲ್ಲ. ಬದಲಾಗದೆ ಮೆಲ್ಲಗೆ ಒಂದೇ ಸಮನೆ ಇರುವುದು ಕಸ ಎಂದು ತಿಳಿಯುತ್ತದೆ. ಆದರೆ ನಮ್ಮ ಸಂಗೀತದಲ್ಲಿ ಮೆಲ್ಲಗೆ ಒಂದೇ ಸಮನೆ ಇರುವುದು ಯಾವುದು? ತಂಬೂರಿ! ಜೋರಾಗಿ ಒರೆಸಿದರೆ ತಂಬೂರಿಯ ಜವಾರಿ ಮೊದಲು ಹೋಗುತ್ತದೆ. ಆಮೇಲೆ ಸಕಾರ ಶಕಾರಗಳ ಸ್ಪಷ್ಟತೆ, ಕೊನೆಗೆ ಹಾಡುವವರ ಉಸಿರು. ಪಟಪಟ ತೆಗೆಯುವ ಆಜ್ಞೆಯೂ ಹಾಗೆಯೇ, ಹೆಚ್ಚಾದರೆ ತಬಲಾದ ಚಾಟಿಯನ್ನೂ ತಾಳದ ಕಿಣಿಯನ್ನೂ ಗೀರೆಂದುಕೊಳ್ಳುತ್ತದೆ.

ಇದಕ್ಕೆ ಆಡಾಸಿಟಿಯಲ್ಲೇ ಪರೀಕ್ಷೆ ಇದೆ. ನಾಯ್ಸ್ ರಿಡಕ್ಷನ್‌ನಲ್ಲಿ ರೆಸಿಡ್ಯೂ ಎಂಬ ಆಯ್ಕೆ ಒತ್ತಿದರೆ, ಉಳಿಯುವುದನ್ನಲ್ಲ, ತೆಗೆದುಹಾಕುವುದನ್ನು ಕೇಳಿಸುತ್ತದೆ. ಅಕ್ಕಿ ಕೇರಿದ ಮೇಲೆ ಅಮ್ಮ ಕೆಳಗೆ ಬಿದ್ದ ಹೊಟ್ಟಿನಲ್ಲಿ ಒಮ್ಮೆ ಕೈಯಾಡಿಸಿ ನೋಡುತ್ತಿದ್ದರಲ್ಲ, ಕಾಳು ಹೋಗಿದೆಯೇ ಎಂದು? ಅದೇ ಇದು. ಕಸದಲ್ಲಿ ಬರೀ ಸರಸರ ಕೇಳಿಸಿದರೆ ಸರಿ. ಗಾಯಕಿಯ ದನಿ ಮಸುಕಾಗಿಯಾದರೂ ಅಲ್ಲಿ ಕೇಳಿಸಿತೋ, ಹೊಟ್ಟಿನ ಜೊತೆ ಅಕ್ಕಿಯೂ ಹೋಗುತ್ತಿದೆ ಎಂದೇ ಅರ್ಥ. ಕಡಿಮೆ ಮಾಡಿ. ನಾನು ಸಾಮಾನ್ಯವಾಗಿ 6 ಡೆಸಿಬಲ್‌ಗೆ ನಿಲ್ಲಿಸುತ್ತೇನೆ.

ನಮ್ಮ ಮನೆಯಲ್ಲಿ ಒಂದೇ ಹಾಡನ್ನು ಮೂರು ರೀತಿ ಮಾಡಿ, ಯಾವುದು ಯಾವುದೆಂದು ಹೇಳದೆ ಅತ್ತೆಯವರಿಗೆ ಕೇಳಿಸಿದೆ. ಏನೂ ಮಾಡದ್ದು, ಸ್ವಲ್ಪ ಮಾಡಿದ್ದು, ಪೂರ್ತಿ ನುಣ್ಣಗೆ ಮಾಡಿದ್ದು. ನುಣ್ಣಗಿರುವುದನ್ನು ಕೇಳಿ, “ಇವರು ನೀರಿನೊಳಗೆ ಕೂತು ಹಾಡಿದ ಹಾಗಿದೆಯಲ್ಲ” ಎಂದರು. ಸ್ವಲ್ಪ ಮಾಡಿದ್ದಕ್ಕೆ ಕಣ್ಣುಮುಚ್ಚಿ ತಾಳ ಹಾಕಿದರು. “ಸದ್ದು ಸ್ವಲ್ಪ ಇದೆ, ಇರಲಿ ಬಿಡು, ಆದರೆ ಮನುಷ್ಯರು ಇದ್ದಾರೆ” ಎಂದರು. ಎಂ.ಟೆಕ್. ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಏನೇ ಮಾಡಿ, ಮುಟ್ಟದ ಮೂಲ ಫೈಲನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಕಡೆ ಬೇರೆಯಾಗಿ ಇಡಿ. ವಾಟ್ಸಾಪ್‌ಗೆ ಎಂಪಿ3 ಸಾಕು, ಮನೆಯ ಕಪಾಟಿಗೆ ಸಾಲದು. ನಾಳೆ ಇದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಬರುತ್ತದೆ; ಆಗ ಮೂಲ ಇದ್ದವರು ಮತ್ತೆ ಮಾಡಬಹುದು, ಒರೆಸಿಬಿಟ್ಟವರು ಮಾಡಲಾಗದು. ಲೇಬಲ್ಲಿನ ಎರಡೂ ಬದಿಯ ಫೋಟೋ ತೆಗೆದು, ತಟ್ಟೆಯ ಸಂಖ್ಯೆ ಬರೆದಿಡಿ. ಇನ್ನೊಂದು ಮಾತು, ಕಾನೂನಿನದು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಬೇರೆಯೇ. ಮನೆಯವರು ಕೇಳಲು ಇಳಿಸಿಕೊಳ್ಳುವುದು ಒಂದು, ಯೂಟ್ಯೂಬ್‌ಗೆ ಹಾಕುವುದು ಇನ್ನೊಂದು. ವಿಚಾರಿಸದೆ ಹಾಕಬೇಡಿ.

ಲೇಬಲ್ಲಿನ ಮೇಲೆ ಇಲ್ಲದ್ದು ಬಹಳ ಇದೆ. ಹಾರ್ಮೋನಿಯಂ ಯಾರದು, ಈ ರೆಕಾರ್ಡನ್ನು ಯಾರ ಮದುವೆಗೆ ತಂದದ್ದು, ಯಾರಿಗೆ ಈ ಹಾಡು ಬಾಯಿಗೆ ಬರುತ್ತಿತ್ತು. ಇದು ಗೊತ್ತಿರುವುದು ಮನೆಯ ಹಿರಿಯರಿಗೆ ಮಾತ್ರ. ಹಾಡು ಓಡುತ್ತಿರುವಾಗ ಅವರನ್ನು ಹತ್ತಿರ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ತಟ್ಟೆ ಇನ್ನೂ ನೂರು ವರ್ಷ ಇದ್ದೀತು, ಆ ನೆನಪು ಅಷ್ಟು ಕಾಯುವುದಿಲ್ಲ.

ಪ್ರತಿ ಮನೆಗೂ ಒಂದು ಪ್ಲೇಯರ್, ಪ್ರೀಆಂಪ್ ಕೊಳ್ಳುವುದು ಆಗದ ಮಾತು. ಸಂಘದ ಕಚೇರಿಯಲ್ಲಿ ಒಂದು ಸೆಟ್ ಇಟ್ಟರೆ ಸಾಕು, ತಿಂಗಳಿಗೆ ಒಂದು ಭಾನುವಾರ ನಾಲ್ಕು ಮನೆಯ ಪೆಟ್ಟಿಗೆ ಮುಗಿಸಬಹುದು. ತೊಳೆಯಲು, ಹೆಸರು ಬರೆಯಲು, ಕಿವಿಗೊಟ್ಟು ಕೇಳಲು ಜನ ಬೇಕು. ಯಂತ್ರದ ಕೆಲಸ ಕಲಿಸುವುದು ನನ್ನ ಪಾಲು. ಯಾರ ಸೊಸೈಟಿಗೆ ಖಾಲಿ ಮಾಡುವ ನೋಟಿಸ್ ಬಂದಿದೆಯೋ ಅವರು ಇವತ್ತೇ ಹೆಸರು ಕೊಡಿ, ಮೊದಲ ಸರದಿ ಅವರದು.