ಹೆಣ್ಣು ಹೆತ್ತದ್ದು ಯಾರ ತಪ್ಪು?

ಅಕ್ಕತಂಗಿಯರೇ, "ಬರೀ ಹೆಣ್ಣೇ ಹೆತ್ತಳು" ಎಂದು ಸೊಸೆಯನ್ನು ಹೊಡೆದು ತವರಿಗೆ ಅಟ್ಟುವ ಮನೆಗಳು ನಮಗೆ ಹೊಸವೇನಲ್ಲ. ಅಂಥ ಮನೆಯ ಹಿತ್ತಲಲ್ಲಿ ಕೋಳಿ ಇದ್ದರೆ, ಅಲ್ಲಿ ಮಾತ್ರ ಆ ಮಾತು ಸರಿ: ಮರಿ ಹೇಂಟೆಯೋ ಹುಂಜವೋ ಎಂಬುದು ತಾಯಿಕೋಳಿಯ ಅಂಡದಿಂದಲೇ ತೀರ್ಮಾನವಾಗುತ್ತದೆ. ಒಡಿಶಾದ ಕಡಲತೀರಕ್ಕೆ ಬರುವ ಆಲಿವ್ ರಿಡ್ಲಿ ಆಮೆಗಳಲ್ಲಿ ತಾಯಿಯೂ ಅಲ್ಲ, ತಂದೆಯೂ ಅಲ್ಲ. ಮರಳು ಹೆಚ್ಚು ಬಿಸಿಯಿದ್ದರೆ ಮರಿ ಹೆಣ್ಣು.

ಮನುಷ್ಯರಲ್ಲಿ? ತಾಯಿಯ ಅಂಡ ಕೊಡುವುದು ಎಕ್ಸ್ ಎಂಬ ವರ್ಣತಂತು ಮಾತ್ರ. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. 1905ರಲ್ಲಿ ಹಿಟ್ಟಿನ ಹುಳುವಿನಲ್ಲಿ ಇದನ್ನು ಕಂಡುಹಿಡಿದದ್ದು ಅಮೆರಿಕದ ನೆಟ್ಟಿ ಸ್ಟೀವನ್ಸ್, ಹೆಂಗಸೇ! ಹಾಗೆಂದು ಗಂಡನನ್ನು ಹಳಿಯುವುದೂ ಬೇಡ, ಯಾವುದು ಮೊದಲು ಮುಟ್ಟೀತು ಎಂಬುದು ಅವನ ಕೈಯಲ್ಲೂ ಇಲ್ಲ.

ಮುಂದಿನ ಸಭೆಗೆ ನಿಮ್ಮ ಅತ್ತೆಯಂದಿರನ್ನೂ ಕರೆತನ್ನಿ.