ಸಹಪಂಕ್ತಿಯೂ ಸಹಗಾನವೂ



ಗೋವಿಂದರಾಜನಗರದಂತಹ ಬಡಾವಣೆಯಲ್ಲಿ ನಾನಾ ಭಾಷೆ, ನಾನಾ ಕುಲಗಳ ಮಕ್ಕಳು ನೆರೆದಿರುವರು. ಅವರ ಕಂಠಗಳನ್ನು ಒಂದೇ ಶ್ರುತಿಗೆ ಕೂಡಿಸುವುದು ಹೇಗೆಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ನಿದರ್ಶನವು.

ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು (1892-1944) ಹುಟ್ಟಿನಿಂದಲೇ ಅಂಧರು. ಅವರು ಅಂಧ ಬಾಲಕರನ್ನೂ ಅನಾಥರನ್ನೂ ಕುಲವನ್ನು ಕೇಳದೆ ಕೂಡಿಕೊಂಡು, ಊರೂರು ಸಂಚರಿಸುತ್ತ ಸಂಗೀತವನ್ನು ಕಲಿಸಿದರು. ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ವ್ರತವನ್ನು ನಡೆಸಿದರು; ಮಕ್ಕಳ ಅನ್ನಕ್ಕಾಗಿ ನಾಟಕಮಂಡಳಿಯನ್ನೂ ಕಟ್ಟಿದರು.

ಈ ಗುರುಪರಂಪರೆಯಲ್ಲಿ ಕಲಿತ ಬಸವರಾಜ ರಾಜಗುರುಗಳ, ವೆಂಕಟೇಶಕುಮಾರರ ಗಾನವು ಇಂದು ಧ್ವನಿಮುದ್ರಿಕೆಗಳ ಮೂಲಕ ಮನೆಮನೆಯಲ್ಲಿ ಕೇಳಿಬರುತ್ತಿದೆ. ಮುದ್ರಿಕೆಯು ಕಂಠವನ್ನು ಉಳಿಸೀತು. ಆ ಕಂಠವನ್ನು ಬೆಳೆಸಿದ ಅನ್ನವು ಅದರಲ್ಲಿ ಕೇಳಿಸದು. ಆಶ್ರಮಕ್ಕೆ ಕಾಳುಕಡಿಯನ್ನಿತ್ತ ಭಕ್ತರ ಹೆಸರು ಅದರ ಮೇಲೆ ಬರೆದಿಲ್ಲ.

ಆದುದರಿಂದ ಮಕ್ಕಳ ಮೇಳಗಾನಕ್ಕೆ ತಲೆದೂಗುವ ಮಹನೀಯರು ಇದನ್ನು ನೆನೆಯಬೇಕು: ಒಂದೇ ಪಂಕ್ತಿಯಲ್ಲಿ ಉಂಡ ಮಕ್ಕಳು ಒಂದೇ ಕಂಠದಿಂದ ಹಾಡಬಲ್ಲರು. ತಮ್ಮ ಮಗುವಿನ ಎಲೆಯ ಪಕ್ಕದಲ್ಲಿ ನೆರೆಮನೆಯ ಮಗುವಿಗೂ ಒಂದು ಎಲೆಯನ್ನು ಹಾಕಿರಿ. ಶ್ರುತಿಯು ತಾನೇ ಕೂಡುವುದು.